ಒಂದೊಂದೇ ಫುಟ್ಬಾಲ್ ಗ್ರೌಂಡ್ ನೋಡ್ತಾ ದೇಶ ಸುತ್ತೋದು: ಹೋಗಿ ಬಂದೋರು ಬನ್ನಿ, ಮಾತಾಡೋಣ

ರೌಂಡ್‌ಟಿಕೆಟ್ (ಬೆಂಗಳೂರು)
ಎಲ್ರಿಗೂ ನಮಸ್ಕಾರ. ನಾನು 2014ರಿಂದ ಕಂಠೀರವಕ್ಕೆ ಹೋಗ್ತಿದೀನಿ, ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಶೋಕನಗರದ ಸ್ಟೇಡಿಯಂ ಬಿಟ್ಟು ಅಲ್ಲಿಗೆ ಬಂದ ಸೀಸನ್ನಿಂದ. ಮಳೆ ಬಂದ್ರೂ ಸೋತ್ರೂ ಬಿಟ್ಟಿಲ್ಲ. ಆದ್ರೆ ಬೇರೆ ಊರಿನ ಸ್ಟೇಡಿಯಂ ಅಂತ ನೋಡಿರೋದು ಚೆನ್ನೈ ಒಂದೇ. ಇಂಗ್ಲೆಂಡಲ್ಲಿ ಲೀಗಿನ 92 ಗ್ರೌಂಡನ್ನೂ ನೋಡಿ ಮುಗಿಸೋ ಜನ ಇದಾರೆ, ಅವ್ರಿಗೇ ಅಂತ 1978ರಿಂದ ಒಂದು ಕ್ಲಬ್ ಬೇರೆ ಇದೆ. ಅದನ್ನ ಓದಿದಾಗಿಂದ ತಲೇಲಿ ಒಂದೇ ಹುಳ, ನಮ್ ದೇಶದಲ್ಲಿ ನಾವ್ಯಾಕೆ ಮಾಡ್ಬಾರ್ದು ಅಂತ.

ಲಿಸ್ಟ್ ಮಾಡಿದೀನಿ: ಕೋಲ್ಕತ್ತಾದ ಸಾಲ್ಟ್ ಲೇಕ್, ಕೊಚ್ಚಿಯ ಕಲೂರು, ಗೋವಾದ ಫತೋರ್ಡಾ, ಜಮ್ಶೆಡ್‌ಪುರ, ಗುವಾಹಟಿ, ಶಿಲ್ಲಾಂಗ್, ಹೈದರಾಬಾದಿನ ಗಚ್ಚಿಬೌಲಿ, ಮುಂಬೈನ ಅಂಧೇರಿ, ಭುವನೇಶ್ವರದ ಕಳಿಂಗ, ಡೆಲ್ಲಿ ನೆಹರು. ಹತ್ತು ಗ್ರೌಂಡು, ಇಪ್ಪತ್ತು ದಿನ ರಜೆ, ಒಂದೇ ಟ್ರಿಪ್ಪಲ್ಲಿ ಮುಗಿಸೋ ಆಸೆ. ಯಾವ ಕಡೆಯಿಂದ ಶುರು ಮಾಡಿದ್ರೆ ಟ್ರೈನ್ ಸರಿ ಹೊಂದುತ್ತೆ ಹೇಳಿ.

ವೆಸ್ಟ್‌ಬ್ಲಾಕ್ ಗೌಡ
ಗುರು ಐಡಿಯಾ ಸೂಪರ್, ಆದ್ರೆ ಪ್ಲಾನ್ ಉಲ್ಟಾ ಇದೆ. ನೀನು ಗ್ರೌಂಡ್ ಮೊದ್ಲು ಇಟ್ಕೊಂಡು ಮ್ಯಾಚ್ ಆಮೇಲೆ ಹುಡುಕ್ತಿದೀಯ. ಮ್ಯಾಚ್ ಇಲ್ಲದ ದಿನ ಹೋದ್ರೆ ನಮ್ ದೇಶದಲ್ಲಿ ಸ್ಟೇಡಿಯಂ ಅಂದ್ರೆ ಬೀಗ ಹಾಕಿರೋ ಗೇಟು, ಒಬ್ಬ ಸೆಕ್ಯುರಿಟಿ, ಕಾಂಪೌಂಡ್ ಮೇಲಿಂದ ಕಾಣೋ ನಾಲ್ಕು ಲೈಟ್ ಕಂಬ ಅಷ್ಟೇ. ಹೊರದೇಶದ ಥರ ಟಿಕೆಟ್ ತಗೊಂಡು ಒಳಗೆ ಟೂರ್ ಹೋಗೋ ಅಭ್ಯಾಸ ಇಲ್ಲಿ ಬೆಳೆದಿಲ್ಲ.

ಇನ್ನೊಂದು, ಫಿಕ್ಸ್ಚರ್, ಅಂದ್ರೆ ಯಾವ ಮ್ಯಾಚ್ ಯಾವತ್ತು ಅನ್ನೋ ಪಟ್ಟಿ, ಲೇಟಾಗಿ ಬರುತ್ತೆ. 2025 ಜುಲೈನಲ್ಲಿ ದೇಶದ ಟಾಪ್ ಲೀಗ್ ಐಎಸ್‌ಎಲ್‌ನೇ ಹೋಲ್ಡ್ ಅಂತ ಹೇಳಿಬಿಟ್ರಲ್ಲ, ಆ ವರ್ಷ ನಾನು ಕೊಚ್ಚಿಗೆ ಹೋಗಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಹಂಗೇ ಉಳ್ಕೊಂಡ್ತು. ರೈಲ್ವೇಲಿ ರಿಸರ್ವೇಷನ್ ಈಗ 60 ದಿನ ಮುಂಚೆ ಮಾತ್ರ ತೆಗೀತಾರೆ, ಫಿಕ್ಸ್ಚರ್ ಬರೋ ಹೊತ್ತಿಗೆ ಒಳ್ಳೇ ಟ್ರೈನೆಲ್ಲಾ ವೇಟಿಂಗ್ ಲಿಸ್ಟಲ್ಲಿ ಇರುತ್ತೆ. ಅದಕ್ಕೇ ನನ್ನ ಸಲಹೆ ಡ್ಯುರಾಂಡ್ ಕಪ್. ಜುಲೈ ಕೊನೆಗೆ ಶುರುವಾಗಿ ಆಗಸ್ಟಲ್ಲಿ ಮುಗಿಯುತ್ತೆ. 2025ರಲ್ಲಿ ಕೋಲ್ಕತ್ತಾ, ಜಮ್ಶೆಡ್‌ಪುರ, ಶಿಲ್ಲಾಂಗ್, ಇಂಫಾಲ್, ಕೊಕ್ರಾಝಾರ್ ಅಂತ ಐದು ಊರಲ್ಲಿ ಆಡ್ಸಿದ್ರು. ಪೂರ್ವದ ಕಡೆ ಒಂದು ಸುತ್ತು ಅದರಲ್ಲೇ ಆಗೋಗುತ್ತೆ. ಮೇಲಾಗಿ 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಟೂರ್ನಮೆಂಟು, ಅದನ್ನ ನೋಡಿದ ಹಾಗೂ ಆಯ್ತು.

ಆಸ್ಟಿನ್‌ಟೌನ್ ಅಜ್ಜ
ಮಗು, ನಿನ್ನ ಲಿಸ್ಟ್ ನೋಡ್ದೆ. ಹತ್ತರಲ್ಲೂ ನಿನ್ನ ಊರಿನ ಫುಟ್ಬಾಲ್ ಸ್ಟೇಡಿಯಂ ಇಲ್ಲ. ಕಂಠೀರವ ಅಲ್ಲ ನಾನು ಹೇಳ್ತಿರೋದು, ಅಶೋಕನಗರದ್ದು. ಕಂಠೀರವ 1997ರ ನ್ಯಾಷನಲ್ ಗೇಮ್ಸ್‌ಗೆ ಕಟ್ಟಿದ್ದು, ಅದು ಓಟಕ್ಕೆ ಎಸೆತಕ್ಕೆ ಆಗಿರೋ ಜಾಗ. ಬೆಂಗಳೂರಲ್ಲಿ ಫುಟ್ಬಾಲ್‌ಗೇ ಅಂತ ಇರೋದು ಅಶೋಕನಗರ. ಬಿಎಫ್‌ಸಿ ಹುಟ್ಟಿದ ಮೊದಲನೇ ವರ್ಷವೇ ಆಗಿನ ಟಾಪ್ ಲೀಗ್ ಆದ ಐ-ಲೀಗನ್ನ 2013-14ರಲ್ಲಿ ಗೆದ್ದಿದ್ದು ಅಲ್ಲಿ ಆಡಿಕೊಂಡೇ. ನೀನು 2014ರಲ್ಲಿ ಬಂದೋನು, ಒಂದು ವರ್ಷ ತಡವಾಗಿ ಬಂದಿದೀಯ!

ನಾನು ಹುಟ್ಟಿ ಬೆಳೆದಿದ್ದು ಕಂಟೋನ್ಮೆಂಟ್ ಕಡೆ. ಆಸ್ಟಿನ್ ಟೌನ್, ಹಲಸೂರು ಪಕ್ಕದ ಗೌತಮಪುರ, ಇಲ್ಲೆಲ್ಲಾ ಹುಡುಗ್ರು ನಡೆಯೋಕೆ ಮುಂಚೆ ಬಾಲ್ ಒದೀತಿದ್ರು. ಗೌತಮಪುರಕ್ಕೆ ಹೋಗಿ ನೋಡು, ಪೀಲೆ ಪ್ರತಿಮೆ ನಿಲ್ಸಿದಾರೆ. ಬೆಂಗಳೂರು ಮುಸ್ಲಿಮ್ಸ್ ಅನ್ನೋ ಟೀಮು 1937ರಲ್ಲಿ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು, ಮಾರನೇ ವರ್ಷ ಇನ್ನೊಂದು ಸಲ. ಆವರೆಗೂ ಆ ಕಪ್ಪನ್ನ ಬ್ರಿಟಿಷ್ ರೆಜಿಮೆಂಟುಗಳು ಬಿಟ್ಟುಕೊಟ್ಟಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮೋರು 2-1ರಲ್ಲಿ ಸೋತ್ರಲ್ಲ, ಹೆಚ್ಚಿನೋರು ಬರಿಗಾಲಲ್ಲಿ ಆಡಿದ ಮ್ಯಾಚು, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನೋರು. ಅದೇ ಟೀಮಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಕೋಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದ್ರು, ಅವ್ರ ಕಾಲಾಟ ನೋಡಿ ಜನ ಹಾವಾಡಿಗ ಅಂತ ಹೆಸರಿಟ್ಟಿದ್ರು. ನಮ್ಮಪ್ಪ ಅವ್ರನ್ನ ನೋಡಿದ್ದೋರು, ಮನೇಲಿ ಊಟಕ್ಕೆ ಕೂತಾಗಲೂ ಅದೇ ಮಾತು.

1968-69ರಲ್ಲಿ ಇದೇ ಊರಲ್ಲಿ ಮೈಸೂರು (ಈಗಿನ ಕರ್ನಾಟಕ) ತಂಡ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ನಾನು ಹತ್ತು ವರ್ಷದೋನು, ಅಪ್ಪನ ಹೆಗಲ ಮೇಲಿದ್ದೆ. ಆಮೇಲೆ ಅದು ಮತ್ತೆ ನಮ್ಮ ರಾಜ್ಯಕ್ಕೆ ಬರೋಕೆ 54 ವರ್ಷ ಆಯ್ತು. 2023 ಮಾರ್ಚ್ 4, ಸೌದಿಯ ರಿಯಾದಲ್ಲಿ ಫೈನಲ್, ಮೇಘಾಲಯದ ಮೇಲೆ 3-2. ಮೊಬೈಲಲ್ಲಿ ನೋಡ್ತಾ ಒಬ್ಬನೇ ಅತ್ತೆ. ಅದಕ್ಕೇ ಹೇಳ್ತೀನಿ, ದೇಶ ಸುತ್ತು, ಬೇಡ ಅನ್ನಲ್ಲ, ಮೊದಲು ಎಂ.ಜಿ. ರೋಡ್ ಮೆಟ್ರೋ ಇಳಿದು ನಡ್ಕೊಂಡು ಅಶೋಕನಗರಕ್ಕೆ ಹೋಗಿ ಬೆಂಗಳೂರು ಲೀಗಿನ ಸೂಪರ್ ಡಿವಿಷನ್ ಮ್ಯಾಚ್ ಒಂದು ನೋಡು.

ರೌಂಡ್‌ಟಿಕೆಟ್
ಅಂಕಲ್ ನಿಮ್ಮ ಮೆಸೇಜ್ ಎರಡು ಸಲ ಓದಿದೆ. ಹತ್ತಿರ ಇರೋದನ್ನೇ ಬಿಟ್ಟಿದೀನಿ, ನಿಜ. ಲಿಸ್ಟಲ್ಲಿ ಮೊದಲನೇ ಹೆಸರು ಈಗ ಅದೇ.

ಹೂಗ್ಲಿ ದಂಡೆ
ನಾನು ಮೈಸೂರು ಕಡೆಯವನು, ಬ್ಯಾಂಕ್ ಕೆಲಸ, ಕೋಲ್ಕತ್ತಾಗೆ ಬಂದು ಒಂಬತ್ತು ವರ್ಷ ಆಯ್ತು. ಕೋಲ್ಕತ್ತಾಗೆ ಬರೋರೆಲ್ಲಾ ಸಾಲ್ಟ್ ಲೇಕ್ ನೋಡಿ ಫೋಟೋ ತೆಗೆಸಿಕೊಂಡು ಹೋಗ್ತಾರೆ, ಅದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರ್ಲಿ.

ಸಾಲ್ಟ್ ಲೇಕ್ ದೊಡ್ಡದು, ಅದ್ರಲ್ಲಿ ಎರಡು ಮಾತಿಲ್ಲ. 1984ರಲ್ಲಿ ಶುರುವಾಗಿದ್ದು, ಈಗಲೂ 60,000ಕ್ಕಿಂತ ಜಾಸ್ತಿ ಸೀಟು. ಬಕೆಟ್ ಸೀಟು ಇಲ್ಲದೆ ಬರೀ ಗ್ಯಾಲರಿ ಇದ್ದ ಕಾಲದಲ್ಲಿ ಇನ್ನೂ ಜಾಸ್ತಿ ಹಿಡಿಸ್ತಿತ್ತು. 1997 ಜುಲೈ 13, ಫೆಡರೇಷನ್ ಕಪ್ ಸೆಮಿಫೈನಲ್, ಈಸ್ಟ್ ಬೆಂಗಾಲ್ ಮೋಹನ್ ಬಗಾನ್ ಮ್ಯಾಚಿಗೆ ಬಂದೋರು 1,31,781 ಜನ. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ಕು, ಈಸ್ಟ್ ಬೆಂಗಾಲ್ 4-1ರಲ್ಲಿ ಗೆಲ್ತು. ಇವತ್ತಿಗೂ ನಮ್ ಆಫೀಸಲ್ಲಿ ರಿಟೈರ್ ಆಗೋ ವಯಸ್ಸಿನ ಇಬ್ಬರು ಆ ಮ್ಯಾಚ್ ಹೆಸರೆತ್ತಿದ್ರೆ ಚಹಾ ಆರೋವರೆಗೂ ವಾದ ಮಾಡ್ತಾರೆ. ಸುನಿಲ್ ಛೆಟ್ರಿ ನಿವೃತ್ತಿ ಅಂತ ಹೇಳಿ 2024 ಜೂನ್ 6ಕ್ಕೆ ಕುವೈತ್ ಮೇಲೆ ಆಡಿದ ಮ್ಯಾಚಿಗೆ ನಾನೂ ಅಲ್ಲಿದ್ದೆ, 0-0. ಮುಗಿದ ಮೇಲೆ ಆತ ಸುತ್ತು ಹಾಕುವಾಗ ನನ್ನ ಪಕ್ಕ ಬೆಂಗಳೂರಿಂದ ಬಂದಿದ್ದ ನೀಲಿ ಶರ್ಟಿನ ಹುಡುಗ ಒಬ್ಬ ಕಣ್ಣೊರೆಸಿಕೊಳ್ತಾ ಇದ್ದ, ಕನ್ನಡದಲ್ಲಿ ಮಾತಾಡ್ಸಿದ ತಕ್ಷಣ ನನ್ನ ಭುಜಕ್ಕೆ ಒರಗಿಬಿಟ್ಟ. ಮುಂದಿನ ಮಾರ್ಚಲ್ಲೇ ಛೆಟ್ರಿ ವಾಪಸ್ ಬಂದ್ರು ಅದು ಬೇರೆ ವಿಷಯ, ಆ ರಾತ್ರಿ ಮಾತ್ರ ಯಾರಿಗೂ ಮನೆಗೆ ಹೋಗೋ ಮನಸ್ಸಿರಲಿಲ್ಲ.

ಈಗ ಹೋಗೋದು ಸಲೀಸು. ಹೌರಾದಲ್ಲಿ ಟ್ರೈನ್ ಇಳಿದು ಗ್ರೀನ್ ಲೈನ್ ಮೆಟ್ರೋ ಹತ್ತಿದ್ರೆ ಹೂಗ್ಲಿ ನದಿ ಕೆಳಗಿಂದ ಬಂದು ಸೀದಾ ಸಾಲ್ಟ್ ಲೇಕ್ ಸ್ಟೇಡಿಯಂ ಸ್ಟೇಷನ್ನು. 2025 ಆಗಸ್ಟಿಂದ ಪೂರ್ತಿ ಲೈನ್ ಓಡ್ತಿದೆ.

ಆದ್ರೆ ಒಳಗೆ ಹೋದ್ಮೇಲೆ ಆಟ ದೂರ. ಸುತ್ತ ರನ್ನಿಂಗ್ ಟ್ರ್ಯಾಕು, ಅದ್ರಾಚೆ ಮೈದಾನ. ಮೇಲಿನ ಟಿಯರ್‌ನಲ್ಲಿ ಕೂತ್ರೆ ಕಾರ್ನರ್ ಯಾರು ತಗೊಂಡ್ರು ಅಂತ ಗೊತ್ತಾಗೋದು ಪಕ್ಕದೋನು ಹೇಳಿದ್ರೆ ಮಾತ್ರ. ಆಟಗಾರನ ಉಸಿರು ಕೇಳಿಸ್ಬೇಕು ಅಂದ್ರೆ ಊರ ಮಧ್ಯ ಮೈದಾನ್ ಅಂತ ಇರೋ ದೊಡ್ಡ ಬಯಲಿಗೆ ಬನ್ನಿ. ಎಸ್‌ಪ್ಲನೇಡಿಂದ ನಡೆಯೋ ದೂರ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಮೂರೂ ಕ್ಲಬ್ಬಿನ ಗ್ರೌಂಡು ಅಲ್ಲೇ ಇದಾವೆ. ಜಾಗ ಸೈನ್ಯದ್ದು, ಹಾಗಾಗಿ ದೊಡ್ಡ ಕಾಂಕ್ರೀಟ್ ಸ್ಟೇಡಿಯಂ ಎದ್ದಿಲ್ಲ. ಕ್ಲಬ್ ಆಫೀಸಿಗೆ ಇವತ್ತಿಗೂ ಟೆಂಟ್ ಅಂತಲೇ ಅಂತಾರೆ. 1911 ಜುಲೈ 29ಕ್ಕೆ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನ 2-1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿದ್ದು ಇದೇ ಮೈದಾನ್‌ನಲ್ಲಿ. ಕಲ್ಕತ್ತಾ ಲೀಗ್ 1898ರಿಂದ ನಡೀತಿದೆ, ಮಳೆಗಾಲದ ಮಧ್ಯಾಹ್ನ ಆಡಿಸ್ತಾರೆ. ಕೆಸರು, ಕಡಲೆಪುರಿ ಮಾರೋನು, ಬೇಲಿಗೆ ಕೈ ಹಾಕಿ ನಿಂತ ಮುದುಕ್ರು, ಲೈನ್ಸ್‌ಮನ್ ಕಿವಿಗೆ ಬೀಳೋ ಹಾಗೆ ಬೈಗುಳ.

ಇನ್ನೊಂದು ಮರೀಬಾರ್ದು. 1980 ಆಗಸ್ಟ್ 16ಕ್ಕೆ ಈಡನ್ ಗಾರ್ಡನ್ಸಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನ್ ಡರ್ಬಿ ಟೈಮಲ್ಲಿ ಗಲಾಟೆಯಾಗಿ 16 ಜನ ಸತ್ರು. ಪ್ರತಿ ವರ್ಷ ಆ ದಿನ ಅವರ ನೆನಪಲ್ಲಿ ರಕ್ತದಾನ ಮಾಡ್ತಾರೆ. ಆಗಸ್ಟಲ್ಲಿ ಬಂದ್ರೆ ಹೋಗಿ ರಕ್ತ ಕೊಡಿ, ಆ ಊರಿನ ಫುಟ್ಬಾಲ್‌ಗೆ ನೀವೂ ಸೇರಿದ ಹಾಗೆ.

ಲೇನ್ ನಾಲ್ಕು
ಟ್ರ್ಯಾಕ್ ಅಡ್ಡ, ಟ್ರ್ಯಾಕ್ ದೂರ ಅಂತ ಪ್ರತಿ ಸಲ ಕೇಳಿ ಬೇಜಾರಾಗಿದೆ, ಅದಕ್ಕೆ ಬರೀತಿದೀನಿ. ನಾನು 400 ಮೀಟರ್ ಓಡ್ತಿದ್ದವಳು. ಕಂಠೀರವ ನಮಗೆ ಬೆಳಗ್ಗೆ ಐದೂವರೆಗೆ ಎದ್ದು ಎರಡು ಬಸ್ ಬದಲಾಯಿಸಿ ಬರ್ತಿದ್ದ ಜಾಗ. ಮ್ಯಾಚ್ ದಿನ ಒಳಗೆ ಬಿಡ್ತಿರಲಿಲ್ಲ, ಮ್ಯಾಚ್ ಹಿಂದಿನ ದಿನವೂ ಎಷ್ಟೋ ಸಲ ಬಿಡ್ತಿರಲಿಲ್ಲ. ನಿಮಗೆ ತಿಂಗಳಿಗೆ ಎರಡು ಸಂಜೆ ಆಟ ದೂರ ಕಾಣುತ್ತೆ, ನಮಗೆ ಆ ಎರಡು ಸಂಜೆಗೋಸ್ಕರ ವಾರ ಹೋಗ್ತಿತ್ತು. ಇದು ಕೋರ್ಟ್ ಮೆಟ್ಟಿಲೂ ಹತ್ತಿದ ವಿಷಯ. ಸ್ಟೇಡಿಯಂ ನೋಡೋಕೆ ದೇಶ ಸುತ್ತೋರು ಅಲ್ಲಿ ಬೇರೆ ಯಾರು ಬೆವರು ಸುರಿಸ್ತಾರೆ ಅನ್ನೋದನ್ನೂ ನೋಡಿ.

ವೆಸ್ಟ್‌ಬ್ಲಾಕ್ ಗೌಡ
ಅಕ್ಕಾ, ನಿಮ್ಮ ಮಾತು ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. 2016 ಅಕ್ಟೋಬರ್ 19, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್, ಬಿಎಫ್‌ಸಿ ಮಲೇಷ್ಯಾದ ಜೊಹೋರ್ ಟೀಮನ್ನ 3-1ರಲ್ಲಿ ಸೋಲಿಸಿದ ರಾತ್ರಿ ಕಂಠೀರವ ನಡುಗಿದ್ದನ್ನ ನಾನು ಕಾಲಲ್ಲಿ ಫೀಲ್ ಮಾಡಿದೀನಿ, ಇಂಡಿಯಾದ ಕ್ಲಬ್ ಒಂದು ಮೊದಲನೇ ಸಲ ಆ ಫೈನಲ್‌ಗೆ ಹೋಗಿದ್ದು ಅಲ್ಲಿಂದ. 2023 ಜುಲೈ 4ಕ್ಕೆ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಮೆಂಟ್ ಫೈನಲ್ಲೂ ಅಲ್ಲೇ, ಇಂಡಿಯಾ ಕುವೈತ್ ಮೇಲೆ ಪೆನಾಲ್ಟಿಲಿ ಗೆದ್ದಿದ್ದು. ಆ ಜಾಗ ನಮ್ದೂ ಹೌದು. ತಪ್ಪು ಫುಟ್ಬಾಲ್‌ದೂ ಅಲ್ಲ ಅಥ್ಲೆಟಿಕ್ಸ್‌ದೂ ಅಲ್ಲ, ಇಷ್ಟು ದೊಡ್ಡ ಊರಲ್ಲಿ ಇಬ್ರಿಗೂ ಒಂದೊಂದು ಅಂತ ಕಟ್ಟದೇ ಇರೋದು.

ಲೇನ್ ನಾಲ್ಕು
ಅದು ಸರಿ. ಅಷ್ಟು ಒಪ್ಪಿದ್ರೆ ನನಗೂ ಜಗಳ ಇಲ್ಲ.

ಕ್ಯಾಸಲ್‌ರಾಕ್ (ಹುಬ್ಬಳ್ಳಿ)
ನಮಸ್ಕಾರ್ರಿ ಎಲ್ಲಾರಿಗೂ. ಬೆಂಗಳೂರ ಮಂದಿ ಗೋವಾ ಅಂದ್ರ ಬೀಚ್ ಅಂತೀರಿ, ನಮಗ ಗೋವಾ ಅಂದ್ರ ಫುಟ್ಬಾಲ್ ರೀ. ಹುಬ್ಬಳ್ಳಿಯಿಂದ ವಾಸ್ಕೋ ಕಡೆ ಹೋಗೋ ಗಾಡಿ ಹತ್ತಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧ್‌ಸಾಗರ್ ನೋಡ್ಕೊಂತ ಮಡಗಾಂವ್ ಇಳದ್ರ ಫತೋರ್ಡಾ ಭಾಳ ದೂರ ಇಲ್ಲ. 1989ರಾಗ ಶುರು ಆದ ಸ್ಟೇಡಿಯಂ, ಸಾಲ್ಟ್ ಲೇಕ್‌ನ ಮುಂದ ಭಾಳ ಸಣ್ಣದು, ಖರೆ ಅಲ್ಲಿ ಆಟ ಕಣ್ಣ ಮುಂದ ಇರ್ತದ. ಮ್ಯಾಚ್ ಮುಗದ ಮ್ಯಾಲೆ ಗಾಡಿ ಮುಂದ ನಿಂತು ರೋಸ್ ಆಮ್ಲೆಟ್ ತಿನ್ನಬೇಕ ನೋಡ್ರಿ, ಕೋಳಿ ಗ್ರೇವಿ ಸುರುವಿ ಪಾವ್ ಜೋಡಿ ಕೊಡ್ತಾರ.

ಆದ್ರ ಅಣ್ಣಾರ, ಫತೋರ್ಡಾ ಒಂದ ನೋಡಿ ವಾಪಸ್ ಬರಬ್ಯಾಡ್ರಿ. ವಾಸ್ಕೋದ ತಿಲಕ್ ಮೈದಾನ್, ಮಾಪುಸಾದ ದುಲೇರ್, ಇವಕ್ಕೂ ಹೋಗ್ರಿ. ಹಳ್ಯಾಗ ಚರ್ಚಿನ ಬಾಜೂ ಒಂದು ಗ್ರೌಂಡ್ ಇದ್ದ ಇರ್ತದ, ಸಂಜೀಕ ಹುಡುಗರು ಆಡ್ತಿರ್ತಾರ, ಮುದುಕರು ಕಟ್ಟೀ ಮ್ಯಾಲೆ ಕುಂತಿರ್ತಾರ. ನಮ್ಮಪ್ಪ ಡೆಂಪೋ ಅಂದ್ರ ಪ್ರಾಣ ಬಿಡ್ತಿದ್ರು, ಆ ಕ್ಲಬ್ ಐದು ಸಲ ದೇಶದ ಚಾಂಪಿಯನ್ ಆಗೇತಿ. 2016ರಾಗ ಡೆಂಪೋ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಐ-ಲೀಗ್ ಬಿಟ್ಟು ಹೊರಗ ಬಂದಾಗ ಅಪ್ಪ ಎರಡು ದಿನ ಯಾರ ಜೋಡಿನೂ ಮಾತಾಡ್ಲಿಲ್ಲ. ಆ ಕ್ಲಬ್ ಆಡಿದ ಜಾಗ ನೋಡಾಕ ಅಂತನ ಅವರನ್ನ ಒಂದ್ಸಲ ಕರಕೊಂಡು ಹೋಗಿದ್ನಿ. ಮ್ಯಾಚ್ ಇರ್ಲಿಲ್ಲ. ಕೀಲಿ ಹಾಕಿದ್ದ ಗೇಟಿನ ಮುಂದ ನಿಂತು ಯಾವ ಗೋಲು ಯಾವ ಕಡೆ ಬಿದ್ದಿತ್ತು ಅಂತ ಕೈ ಮಾಡಿ ತೋರಿಸಿದ್ರು. ಮೊದ್ಲು ಗೌಡ್ರು ಬರದಿದ್ರಲ್ಲ, ಮ್ಯಾಚ್ ಇಲ್ಲದ ದಿನ ಹೋದ್ರ ಏನೂ ಇಲ್ಲ ಅಂತ. ನೋಡಿದವರ ಜೋಡಿ ಹೋದ್ರ ಕೀಲಿ ಹಾಕಿದ್ರೂ ಅಡ್ಡಿ ಇಲ್ಲ ಅಂತೀನಿ ನಾನು.

ಕುಂಬಳೆ ಕರಾವಳಿ
ನಾನು ಕಾಸರಗೋಡಿನವ. ನಮ್ಮ ಪಕ್ಕ ಮೊಗ್ರಾಲ್ ಉಂಟು, ಕೆಳಗೆ ತೃಕ್ಕರಿಪುರ ಉಂಟು, ಎರಡೂ ಫುಟ್ಬಾಲಿನದ್ದೇ ಊರು. ನೀವು ಕೇರಳ ಅಂತ ಬರೀ ಕಲೂರು ಬರ್ದಿದ್ದೀರಿ ಮಾರಾಯ್ರೆ, ಅದು ಸಾಕಾಗುದಿಲ್ಲ. ಕಲೂರು ನೋಡಿ, ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳ ಹಳದಿ ಸಮುದ್ರ ಅದು, ಮೆಟ್ರೋ ಇಳಿದ್ರೆ ಎದುರೇ ಸ್ಟೇಡಿಯಂ. ಆದ್ರೆ ಕೇರಳದ ಫುಟ್ಬಾಲ್ ಎಂತ ಅಂತ ಗೊತ್ತಾಗ್ಬೇಕಿದ್ರೆ ಮಲಬಾರಿಗೆ ಬನ್ನಿ.

2022ರ ಏಪ್ರಿಲ್ 28, ಮಂಜೇರಿಯ ಪಯ್ಯನಾಡ್ ಸ್ಟೇಡಿಯಂ, ಸಂತೋಷ್ ಟ್ರೋಫಿ ಸೆಮಿಫೈನಲ್, ಕೇರಳ ಮತ್ತೆ ಕರ್ನಾಟಕ. ನಾನು ಕೇರಳದಲ್ಲಿ ವೋಟು ಹಾಕುವ ಕನ್ನಡಿಗ, ಯಾರಿಗೆ ಚಪ್ಪಾಳೆ ಹೊಡೀಬೇಕು ಅಂತ ಬಸ್ಸಲ್ಲಿ ಇಡೀ ಯೋಚನೆ ಮಾಡ್ತಾ ಹೋದದ್ದು. ರಂಜಾನ್ ತಿಂಗಳು, ಉಪವಾಸ ಬಿಟ್ಟು ಜನ ಸಾಗರದ ಹಾಗೆ ಬಂದ್ರು. ಮೊದಲ ಗೋಲು ಹೊಡೆದದ್ದು ನಮ್ಮವ್ರೇ! ಒಂದು ಐದು ನಿಮಿಷ ಇಡೀ ಗ್ಯಾಲರಿ ಸೈಲೆಂಟ್. ಆಮೇಲೆ ಕೇರಳದವ್ರು ಜೆಸಿನ್ ಅಂತ ಒಬ್ಬ ಹುಡುಗನನ್ನು ಬದಲಿ ಆಟಗಾರನಾಗಿ ಇಳಿಸಿದ್ರು, ಅವ ಒಬ್ಬನೇ ಐದು ಗೋಲು ಹೊಡ್ದ. 7-3. ಬೇಜಾರಾಯ್ತು, ಆದ್ರೆ ಪಕ್ಕದಲ್ಲಿದ್ದ ಕಾಕ ಒಬ್ರು ನಾನು ಕನ್ನಡದವ ಅಂತ ಗೊತ್ತಾದ ಮೇಲೆ ಮೂರು ಗೋಲು ಕೂಡ ಚಂದ ಇತ್ತು ಅಂತ ಹೇಳಿ ಚಾಯ ಕುಡಿಸಿದ್ರು. ಮರುವರ್ಷ ರಿಯಾದಲ್ಲಿ ನಾವು ಗೆದ್ದದ್ದು ಆಸ್ಟಿನ್‌ಟೌನ್ ಅಜ್ಜ ಹೇಳಿದ್ರಲ್ವಾ, ನನಗೆ ಆ ಕಾಕನ ನೆನಪೇ ಬಂದದ್ದು.

ಮತ್ತೆ ಸೆವೆನ್ಸ್. ಒಂದು ಕಡೆ ಏಳು ಜನ, ಕೊಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ, ಲೈಟ್ ಹಾಕಿ ರಾತ್ರಿ ಆಟ, ಮಳೆಗಾಲ ಶುರುವಾಗುವ ವರೆಗೆ ನಡೀತದೆ. ಆಫ್ರಿಕಾದಿಂದ ಆಡ್ಲಿಕ್ಕೆ ಬರ್ತಾರೆ. ಅದು ಯಾವ ಸ್ಟೇಡಿಯಂ ಲಿಸ್ಟಲ್ಲೂ ಇರುದಿಲ್ಲ, ಎರಡು ತಿಂಗಳ ನಂತರ ಹೋದ್ರೆ ಬರೀ ಗದ್ದೆ. ಒಂದು ಎಚ್ಚರಿಕೆ ಹೇಳ್ತೇನೆ, ಗ್ಯಾಲರಿ ತುಂಬಿ ತುಳುಕುವಾಗ ಹತ್ಬೇಡಿ, ಕೆಳಗೆ ನಿಂತು ನೋಡಿ. 2022 ಮಾರ್ಚಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಗ್ಯಾಲರಿ ಕುಸಿದು ತುಂಬ ಜನಕ್ಕೆ ಪೆಟ್ಟಾಗಿತ್ತು.

ಕೋಝಿಕೋಡಿನ ಇಎಂಎಸ್ ಸ್ಟೇಡಿಯಂ ಊರ ನಡುವೆಯೇ ಉಂಟು, ಸುತ್ತ ಅಂಗಡಿ. ತ್ರಿಶ್ಶೂರಿನ ಕಾರ್ಪೊರೇಷನ್ ಸ್ಟೇಡಿಯಂ ಕೂಡ ಬಿಡ್ಬೇಡಿ. ಐ.ಎಂ. ವಿಜಯನ್ ಸಣ್ಣವ ಇರುವಾಗ ಸೋಡಾ ಬಾಟ್ಲಿ ಮಾರ್ತಾ ಆಟ ನೋಡಿದ್ದು ಅಲ್ಲಿ, ಆಮೇಲೆ ಇಂಡಿಯಾ ಕ್ಯಾಪ್ಟನ್ ಆದ್ರು, 2025ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿಂದ ಬೈಕಲ್ಲಿ ಕೋಝಿಕೋಡಿಗೆ ಬರುವವ್ರು ನೆನಪಿಡಿ, ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ಬಂದ್.

ತೀರ್ಥಹಳ್ಳಿ ಹುಡುಗಿ
ಗುವಾಹಟಿಲಿ ಕೆಲಸ ನಂದು, ನಾಲ್ಕನೇ ವರ್ಷ. ಈಶಾನ್ಯದ ಬಗ್ಗೆ ನಾನು ಹೇಳ್ತೀನಿ, ಅದಕ್ಕೂ ಮುಂಚೆ ಒಂದು ಮಾತು, ಇಲ್ಲಿವರೆಗೆ ಯಾರೂ ಎತ್ತಿಲ್ಲ. ಒಂದೂರಿನ ಸ್ಟೇಡಿಯಂನಲ್ಲಿ, ಹೆಸರು ಬೇಡ, ಹೆಂಗಸರ ಟಾಯ್ಲೆಟ್‌ಗೆ ಬೀಗ. ಕೇಳಿದ್ರೆ ಕೀ ಯಾರ ಹತ್ರ ಇದೆ ಅಂತಾನೇ ಯಾರಿಗೂ ಗೊತ್ತಿಲ್ಲ. ಹಾಫ್‌ಟೈಮಲ್ಲಿ ಹೊರಗೆ ಹೋಟೆಲಿಗೆ ಓಡಿ ಹೋಗಿ ವಾಪಸ್ ಬಂದ್ರೆ ಟಿಕೆಟ್ ಒಂದು ಸಲಕ್ಕೆ ಅಂತ ಹೇಳಿ ಒಳಗೆ ಬಿಡ್ಲಿಲ್ಲ. ಸೆಕೆಂಡ್ ಹಾಫ್ ಗೇಟಾಚೆ ನಿಂತು ಸೌಂಡ್ ಕೇಳಿಸ್ಕೊಂಡೆ, ಎರಡು ಗೋಲು ಬಿದ್ದಿದ್ದು ಕೇಳಿಸ್ತು, ಯಾರದ್ದು ಅಂತ ಗೊತ್ತಾಗ್ಲಿಲ್ಲ. ಆದ್ರಿಂದ ಹೋಗಿ ಬಂದೋರು ಯಾವ ಗ್ರೌಂಡಲ್ಲಿ ಟಾಯ್ಲೆಟ್ ಹೇಗಿದೆ, ನೀರು ಎಲ್ಲಿ ಸಿಗುತ್ತೆ, ರಾತ್ರಿ ಆಟೋ ಸಿಗುತ್ತಾ ಇದನ್ನೂ ಬರೀರಿ.

ಈಗ ಶಿಲ್ಲಾಂಗ್. ಗುವಾಹಟಿಯಿಂದ ಸುಮಾರು 100 ಕಿ.ಮೀ., ಶೇರಿಂಗ್ ಸುಮೋ ಸಿಗುತ್ತೆ, ಪೊಲೀಸ್ ಬಜಾರಲ್ಲಿ ಇಳಿದ್ರೆ ಪೋಲೋ ಗ್ರೌಂಡಿಗೆ ಇಳಿಜಾರು ದಾರಿ. 2025 ಮಾರ್ಚಲ್ಲಿ ಮೊದಲನೇ ಸಲ ಇಂಡಿಯಾದ ಸೀನಿಯರ್ ಗಂಡಸರ ಟೀಮ್ ಅಲ್ಲಿ ಆಡಿದ್ದು, ಮಾಲ್ಡೀವ್ಸ್ ಮೇಲೆ 3-0, ಆಮೇಲೆ 25ನೇ ತಾರೀಕು ಬಾಂಗ್ಲಾದೇಶದ ಮೇಲೆ 0-0. ಎರಡನೇದಕ್ಕೆ ಹೋಗಿದ್ದೆ. ಗೋಲಿಲ್ಲದ ಮ್ಯಾಚು ಅಂತ ಟೀವೀಲಿ ನೋಡಿದೋರು ಬೈದ್ರು. ಅಲ್ಲಿ ನನ್ನ ಮುಂದಿನ ಸಾಲಲ್ಲಿ ಮೂರು ತಲೆಮಾರು, ಅಜ್ಜಿ, ಮಗಳು, ಮೊಮ್ಮಗಳು, ಅಜ್ಜಿ ಆಫ್‌ಸೈಡ್ ಅಂತ ರೆಫರಿಗಿಂತ ಮುಂಚೆ ಕೈ ಎತ್ತೋರು. ಕ್ವಾಯ್ ಅಂತ ಹಸಿ ಅಡಿಕೆ, ಎಲೆ, ಸುಣ್ಣ ಹಾಕಿ ಕೊಟ್ರು. ನಾನು ಅಡಿಕೆ ತೋಟದೋಳು, ಆದ್ರೂ ಅದ್ರ ಬಿಸಿಗೆ ಕಿವಿ ಕೆಂಪಾಗೋಯ್ತು! ಮನೆ ನೆನಪೂ ಬಂತು.

ಇಂಫಾಲಲ್ಲಿ ಖುಮಾನ್ ಲಂಪಾಕ್. ಹೆಂಗಸರ ಫುಟ್ಬಾಲ್ ಅಂದ್ರೆ ದೇಶದಲ್ಲಿ ಮಣಿಪುರವೇ ಮೊದಲು, ಹೆಂಗಸರ ನ್ಯಾಷನಲ್ ಚಾಂಪಿಯನ್‌ಶಿಪ್ 20ಕ್ಕೂ ಹೆಚ್ಚು ಸಲ ಗೆದ್ದಿದಾರೆ. ಇಂಡಿಯಾಗೆ ಆಡಿದ ಬೆಂಬೆಂ ದೇವಿ ಅಲ್ಲಿಯವರು. ಐಜ್ವಾಲ್‌ಗೆ ಹೋಗೋದಾದ್ರೆ ಮಿಜೋರಾಂಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಮಣಿಪುರಕ್ಕೂ ಬೇಕು, ಮೇಘಾಲಯಕ್ಕೆ ಬೇಡ. ಐಜ್ವಾಲಲ್ಲಿ ಭಾನುವಾರ ಊರೇ ಬಂದ್, ಚರ್ಚಿಗೆ ಹೋಗ್ತಾರೆ, ಊಟಕ್ಕೆ ಹಿಂದಿನ ದಿನವೇ ವ್ಯವಸ್ಥೆ ಮಾಡ್ಕೊಳ್ಳಿ. ಬೆಟ್ಟದ ಮೇಲೆ ಸಮತಟ್ಟು ಜಾಗ ಸಿಗೋದೇ ಕಷ್ಟ, ಅಂಥಾ ಊರಿನ ಕ್ಲಬ್ಬು 2016-17ರಲ್ಲಿ ಐ-ಲೀಗ್ ಗೆದ್ದುಬಿಡ್ತು, ಶಿಲ್ಲಾಂಗಲ್ಲಿ ಲಾಜಾಂಗ್ ಕ್ಲಬ್ ಜೊತೆ 1-1 ಡ್ರಾ ಮಾಡ್ಕೊಂಡು.

ಹೂಗ್ಲಿ ದಂಡೆ
ತೀರ್ಥಹಳ್ಳಿಯವ್ರೆ, ಟಾಯ್ಲೆಟ್ ವಿಷಯ ಬರೆದಿದ್ದು ಒಳ್ಳೇದಾಯ್ತು. ನಾನು ಒಂಬತ್ತು ವರ್ಷದಿಂದ ಹೋಗ್ತಿದ್ರೂ ನನ್ನ ಹೆಂಡತಿ ಯಾಕೆ ಎರಡು ಸಲ ಬಂದು ನಿಲ್ಲಿಸಿದ್ಲು ಅಂತ ಇವತ್ತು ಅರ್ಥ ಆಯ್ತು.

ವೆಸ್ಟ್‌ಬ್ಲಾಕ್ ಗೌಡ
ನನ್ನ ಕಡೆಯಿಂದ ಇಷ್ಟು: ಜೇಬಲ್ಲಿ ಚಿಲ್ಲರೆ ನಾಣ್ಯ ಇಟ್ಕೋಬೇಡಿ, ಪವರ್‌ಬ್ಯಾಂಕ್, ನೀರಿನ ಬಾಟ್ಲಿ, ಹೆಲ್ಮೆಟ್ ತುಂಬಾ ಕಡೆ ಗೇಟಲ್ಲೇ ಇಡಿಸ್ತಾರೆ, ಲಗೇಜ್ ಸ್ಟೇಷನ್ ಕ್ಲೋಕ್ ರೂಮಲ್ಲಿ ಬಿಟ್ಟು ಹೋಗಿ. ಅಂಧೇರಿ ಆಜಾದ್ ನಗರ ಮೆಟ್ರೋ ಹತ್ರ, ಚಿಕ್ಕದು, ಆಟ ಹತ್ತಿರ ಕಾಣುತ್ತೆ. 2018 ಜೂನಲ್ಲಿ ಅಲ್ಲಿ ಇಂಡಿಯಾ ಚೈನೀಸ್ ತೈಪೆ ಮ್ಯಾಚಿಗೆ ಬಂದೋರು 2,569 ಜನ. ಬನ್ನಿ, ಬೈಯೋಕಾದ್ರೂ ಬನ್ನಿ ಅಂತ ಛೆಟ್ರಿ ವಿಡಿಯೋ ಹಾಕಿದ್ರು ನೆನಪಿದ್ಯಾ, ಮುಂದಿನ ಕೀನ್ಯಾ ಮ್ಯಾಚ್ ಫುಲ್. ಆ ವಿಡಿಯೋ ನೋಡಿ ನಾನು ರಾತ್ರೋರಾತ್ರಿ ಬಸ್ ಹತ್ತಿದ್ದೆ. ಹಂಗೆ ಹೋದ ಮೇಲೇ ನಾನು ಬೇರೆ ಊರಿನ ಗ್ರೌಂಡ್ ನೋಡೋಕೆ ಶುರು ಮಾಡಿದ್ದು.

ರೌಂಡ್‌ಟಿಕೆಟ್
ತುಂಬಾ ದಿನ ಆದ್ಮೇಲೆ ವಾಪಸ್ ಬರೀತಿದೀನಿ. ಹತ್ತು ಗ್ರೌಂಡ್ ಒಂದೇ ಟ್ರಿಪ್ಪು ಅನ್ನೋದು ಬಿಟ್ಟೆ. ಮೊದ್ಲು ಮೂರು ಶನಿವಾರ ಅಶೋಕನಗರ. ಸೂಪರ್ ಡಿವಿಷನ್ ಮ್ಯಾಚು, ಕೋಚ್ ಕೂಗೋದೆಲ್ಲಾ ಕೇಳಿಸುತ್ತೆ, ಕನ್ನಡ ತಮಿಳು ಉರ್ದು ಮಲಯಾಳಂ ಎಲ್ಲಾ ಒಂದೇ ವಾಕ್ಯದಲ್ಲಿ. ನನ್ನ ಪಕ್ಕ ಒಬ್ಬಮ್ಮ ಟಿಫನ್ ಕ್ಯಾರಿಯರ್ ಇಟ್ಕೊಂಡು ಕೂತಿದ್ರು, ಮಗ ಲೆಫ್ಟ್ ಬ್ಯಾಕು, ಮ್ಯಾಚ್ ಮುಗಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಊಟ ಹಾಕಿದ್ರು. ಹನ್ನೊಂದು ಜನರಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲದೆ ಬಂದೋನು ಮೂರನೇ ವಾರಕ್ಕೆ ಆ ಹುಡುಗ ಕ್ರಾಸ್ ಹಾಕಿದಾಗ ಎದ್ದು ನಿಂತಿದ್ದೆ.

ಆಮೇಲೆ ಕೋಲ್ಕತ್ತಾ, ಐದು ದಿನ ಅಲ್ಲೇ. ಸಾಲ್ಟ್ ಲೇಕಲ್ಲಿ ಒಂದು ಡ್ಯುರಾಂಡ್ ಮ್ಯಾಚ್ ನೋಡ್ದೆ, ಹೂಗ್ಲಿ ದಂಡೆಯವ್ರು ಹೇಳಿದ್ದು ಸರಿ, ದೊಡ್ಡದು, ದೂರ. ಮಾರನೇ ದಿನ ಮಳೇಲಿ ಮೈದಾನ್‌ಗೆ ಹೋದೆ. ಈಸ್ಟ್ ಬೆಂಗಾಲ್ ಟೆಂಟ್ ಹತ್ರ ಜೆರ್ಸಿ ಕೊಳ್ತಾ ಇದ್ದ ಹುಡುಗ್ರ ಹತ್ರ ಅಹ್ಮದ್ ಖಾನ್ ಬಗ್ಗೆ ಕೇಳ್ದೆ, ಅವ್ರಿಗೆ ಗೊತ್ತಿರಲಿಲ್ಲ. ಗೇಟಿನ ಹತ್ರ ಛತ್ರಿ ಹಿಡ್ಕೊಂಡು ನಿಂತಿದ್ದ ವಯಸ್ಸಾದೋರು ಒಬ್ರು ಹೆಸರು ಕೇಳಿಸ್ಕೊಂಡು ಹತ್ರ ಬಂದ್ರು. ಹಿಂದಿ ಅವ್ರಿಗೂ ಅಷ್ಟಕ್ಕಷ್ಟೆ ನನಗೂ ಅಷ್ಟಕ್ಕಷ್ಟೆ. ಬ್ಯಾಂಗಲೋರ್? ಅಂತ ಕೇಳಿದ್ರು, ಹೂಂ ಅಂದೆ. ಛತ್ರಿ ನನ್ನ ಕೈಗೆ ಕೊಟ್ಟು ಆ ಕೆಸರಲ್ಲೇ ಚಪ್ಪಲಿ ಕಾಲಲ್ಲಿ ಬಾಲ್ ಎಳೆದು ಈ ಕಡೆ ತೋರ್ಸಿ ಆ ಕಡೆ ಹೋಗೋದನ್ನ ಮಾಡಿ ತೋರಿಸಿದ್ರು, ಎರಡು ಸಲ. ಅವ್ರೂ ನೋಡಿದ್ದಲ್ಲವಂತೆ, ಅವರಪ್ಪ ಮಾಡಿ ತೋರಿಸ್ತಿದ್ರಂತೆ.

ಅಂಕಲ್, ಇದು ನಿಮಗೇ ಹೇಳ್ಬೇಕು ಅಂತ ಅಲ್ಲಿಂದಲೇ ಅನ್ಕೊಂಡು ಬಂದೆ. ವರ್ಷಕ್ಕೆ ಎರಡು ಊರು, ಹೋದ ಕಡೆ ಕಡಿಮೆ ಅಂದ್ರೆ ನಾಲ್ಕು ದಿನ, ದೊಡ್ಡದು ಒಂದು ಸಣ್ಣದು ಒಂದು, ಹಂಗೆ ಮಾಡ್ತೀನಿ. ಮುಂದಿನದು ಮಲಬಾರು, ಜನವರಿಲಿ, ಸೆವೆನ್ಸ್ ಟೈಮಿಗೆ. ಟಾಯ್ಲೆಟ್, ನೀರು, ಆಟೋ ಮೂರನ್ನೂ ಪ್ರತಿ ಗ್ರೌಂಡಿಗೂ ನೋಟ್ ಮಾಡ್ತಿದೀನಿ, ಇಲ್ಲೇ ಹಾಕ್ತೀನಿ. ಈ ಶನಿವಾರ ಮಧ್ಯಾಹ್ನ ಅಶೋಕನಗರದಲ್ಲಿ ಇರ್ತೀನಿ, ಬೆಂಗಳೂರಲ್ಲಿರೋರು ಬನ್ನಿ.

ಕುಂಬಳೆ ಕರಾವಳಿ
ಜನವರಿಗೆ ಬನ್ನಿ ಬನ್ನಿ. ನಮ್ಮ ಮನೆಯಲ್ಲೇ ಉಳೀರಿ, ಲಾಡ್ಜ್ ಎಂತಕ್ಕೆ.

ಆಸ್ಟಿನ್‌ಟೌನ್ ಅಜ್ಜ
ಆ ಮನುಷ್ಯ ಮೊದಲು ಎಡಗಾಲಲ್ಲಿ ಎಳೆದ್ರಾ ಬಲಗಾಲಲ್ಲಾ? ನಮ್ಮಪ್ಪ ಎಡಗಾಲು ಅಂತಿದ್ರು.

ಶನಿವಾರ ಬರ್ತೀನಿ ಮಗು. ಮಂಡಿ ನೋವಿದೆ, ಮೇಲೆ ಹತ್ತೋಕಾಗಲ್ಲ, ಕೆಳಗಿನ ಸಾಲಲ್ಲಿ ನೆರಳಿರೋ ಕಡೆ ಒಂದು ಜಾಗ ಹಿಡಿದಿಡು. ಕಡಲೆಕಾಯಿ ನಾನು ತರ್ತೀನಿ.

ರೌಂಡ್‌ಟಿಕೆಟ್
ಎಡಗಾಲೇ ಅಂಕಲ್.